ಎಣ್ಣೆಯ ಬೆಲೆ ನಿರ್ಧಾರವಾಗುವುದೆಲ್ಲಿ?



ಅಡುಗೆ ಎಣ್ಣೆಯ ಬೆಲೆ ಏರಿದಾಗ ಮೊದಲ ಬೈಗುಳ ಅಂಗಡಿಯವನಿಗೆ, ಎರಡನೆಯದು ಮಳೆಗೆ. ಮಳೆ ಕೈಕೊಟ್ಟಿತು, ಬೆಳೆ ಹೋಯಿತು, ಬೆಲೆ ಏರಿತು ಎಂಬ ವಿವರಣೆ ಈರುಳ್ಳಿ, ಟೊಮೆಟೊಗಳ ಮಟ್ಟಿಗೆ ಬಹುಪಾಲು ನಿಜ. ಎಣ್ಣೆಯ ಕತೆಯೇ ಬೇರೆ. ಭಾರತ ಬಳಸುವ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಡಗಿನಲ್ಲಿ ಬರುತ್ತದೆ. 2023–24ರ ತೈಲ ವರ್ಷದಲ್ಲಿ ಆಮದಾದದ್ದು ಸುಮಾರು 160 ಲಕ್ಷ ಟನ್. ಅದರಲ್ಲಿ ಅರ್ಧಕ್ಕೂ ಮಿಕ್ಕಿದ್ದು ಇಂಡೋನೇಷ್ಯಾ, ಮಲೇಷ್ಯಾ ಮುಂತಾದ ದೇಶಗಳ ತಾಳೆ ಎಣ್ಣೆ. ಆದುದರಿಂದ ಚಿತ್ರದುರ್ಗದ ಶೇಂಗಾ ಹೊಲಕ್ಕಿಂತ ದೆಹಲಿಯ ಹಣಕಾಸು ಸಚಿವಾಲಯದ ಸುಂಕದ ಅಧಿಸೂಚನೆಯೇ ಎಣ್ಣೆಯ ಪೊಟ್ಟಣದ ಬೆಲೆಯನ್ನು ಹೆಚ್ಚಾಗಿ ನಿರ್ಧರಿಸುತ್ತದೆ.

ಲೆಕ್ಕ ಸರಳವಾದುದು. ಕಚ್ಚಾ ಎಣ್ಣೆ ಕಿಲೋಗೆ 90 ರೂಪಾಯಿಯಂತೆ ಬಂದರಿನಲ್ಲಿ ಇಳಿಯಿತೆಂದು ಇಟ್ಟುಕೊಳ್ಳಿ. ಸುಂಕ ಶೇ. 5.5 ಆದರೆ ಅದು ಸುಮಾರು 95 ರೂಪಾಯಿಯಾಗುತ್ತದೆ; ಶೇ. 27.5 ಆದರೆ ಸುಮಾರು 115 ರೂಪಾಯಿ. ಎಣ್ಣೆಯ ಬೆಲೆಯನ್ನು ಲೆಕ್ಕಕ್ಕಾಗಿ ಊಹಿಸಿದ್ದಾದರೂ ಸುಂಕದ ಪ್ರಮಾಣಗಳು ಊಹೆಯಲ್ಲ. 2024ರ ಸೆಪ್ಟೆಂಬರ್ 14ರಂದು ಕಚ್ಚಾ ತಾಳೆ, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗಳ ಒಟ್ಟು ಆಮದು ಸುಂಕವನ್ನು ಕೇಂದ್ರ ಸರ್ಕಾರ ಶೇ. 5.5ರಿಂದ ಶೇ. 27.5ಕ್ಕೆ ಏರಿಸಿತು. ಎಂಟೂವರೆ ತಿಂಗಳ ಬಳಿಕ, 2025ರ ಮೇ 30ರಂದು, ಶೇ. 16.5ಕ್ಕೆ ಇಳಿಸಿತು. ರಾತ್ರಿ ಬೆಳಗಾಗುವುದರೊಳಗೆ ಕಿಲೋಗೆ 20 ರೂಪಾಯಿಯ ವ್ಯತ್ಯಾಸ. ಹೊಲದಲ್ಲಿ ಒಂದು ಕಾಳೂ ಹೆಚ್ಚಾಗಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ.

ಏರಿಸಿದ ಉದ್ದೇಶ ರೈತನ ರಕ್ಷಣೆ. ಆ ವರ್ಷ ಸೋಯಾ ಅವರೆಗೆ ಘೋಷಿತ ಬೆಂಬಲ ಬೆಲೆ ಕ್ವಿಂಟಲಿಗೆ 4,892 ರೂಪಾಯಿ. ಮಾರುಕಟ್ಟೆಯ ಧಾರಣೆ ಅದಕ್ಕಿಂತ ಕೆಳಗಿತ್ತು. ಸುಂಕ ಏರಿದ ಮೇಲೂ ಆ ಹಂಗಾಮಿನಲ್ಲಿ ಧಾರಣೆ ಕೆಳಗೇ ಉಳಿಯಿತು. ಸೋಯಾ ಕಾಳಿನಲ್ಲಿ ಎಣ್ಣೆಯ ಅಂಶ ಐದರಲ್ಲೊಂದು ಪಾಲು ಮಾತ್ರ, ಉಳಿದದ್ದರಲ್ಲಿ ಬಹುಪಾಲು ಹಿಂಡಿ, ಹಿಂಡಿಗೆ ಬೆಲೆಯಿರಲಿಲ್ಲ. ಇತ್ತ, ಹಳೆಯ ಸುಂಕದಲ್ಲಿ ಬಂದ ದಾಸ್ತಾನು ತೀರುವವರೆಗೆ ಚಿಲ್ಲರೆ ಬೆಲೆ ಏರಿಸಬಾರದೆಂದು ಸರ್ಕಾರ ಉದ್ಯಮಕ್ಕೆ ಸೂಚಿಸಿದ್ದರೂ ಅಂಗಡಿಯ ಬೆಲೆ ಕೆಲವೇ ವಾರಗಳಲ್ಲಿ ಏರಿತು. ಬೀದರಿನ ಸೋಯಾ ಬೆಳೆಗಾರನಿಗೂ ದಕ್ಕಲಿಲ್ಲ, ಗ್ರಾಹಕನಿಗೂ ಉಳಿಯಲಿಲ್ಲ. ಖರೀದಿ ಕೇಂದ್ರವಿಲ್ಲದ ಸುಂಕ ಅರ್ಧ ಕಟ್ಟಿದ ಒಡ್ಡಿನಂತೆ, ನೀರು ನಿಲ್ಲುವುದಿಲ್ಲ.

ಹಾಗಾದರೆ ಒಡ್ಡು ಪೂರ್ತಿಯಾಗಿದ್ದ ಕಾಲವಿತ್ತೇ? ಇತ್ತು. 1986ರಲ್ಲಿ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ಆರಂಭವಾದಾಗ ದೇಶದ ಎಣ್ಣೆಬೀಜ ಉತ್ಪಾದನೆ ಸುಮಾರು 110 ಲಕ್ಷ ಟನ್. ಹತ್ತು ವರ್ಷಗಳಲ್ಲಿ ಅದು ಇಮ್ಮಡಿ ಮೀರಿತು. ಹೊಸ ತಳಿಗಳಷ್ಟೇ ಇದಕ್ಕೆ ಕಾರಣವೆನ್ನುವುದು ವಿಜ್ಞಾನಿಗಳ ಜಂಬ. ಕುರಿಯನ್ ನೇತೃತ್ವದ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಬೆಳೆಗಾರರ ಸಹಕಾರಿ ಸಂಘಗಳನ್ನು ಕಟ್ಟಿ, ‘ಧಾರಾ’ ಹೆಸರಿನಲ್ಲಿ ಎಣ್ಣೆಯನ್ನು ಮಾರುಕಟ್ಟೆಗೆ ತಂದಿತು. ಸರ್ಕಾರ ಬೆಲೆಗೊಂದು ಮೇಲ್ಮಿತಿ, ಒಂದು ಕೆಳಮಿತಿ ಗೊತ್ತುಪಡಿಸಿತು. ಬೆಲೆ ಬಿದ್ದಾಗ ಕೊಳ್ಳುವುದು, ಏರಿದಾಗ ದಾಸ್ತಾನು ಹೊರಬಿಡುವುದು: ಇಷ್ಟೇ ತಂತ್ರ. ತೊಂಬತ್ತರ ದಶಕದ ಆರಂಭದಲ್ಲಿ ದೇಶ ಎಣ್ಣೆಯಲ್ಲಿ ಬಹುತೇಕ ಸ್ವಾವಲಂಬಿಯಾಗಿತ್ತು ಎಂದರೆ ಇಂದಿನ ವಿದ್ಯಾರ್ಥಿಗಳು ನಂಬಲಾರರು.

1994ರಲ್ಲಿ ಪಾಮೋಲಿನ್ ಆಮದು ಖಾಸಗಿಯವರಿಗೆ ಮುಕ್ತವಾಯಿತು. ಆಗ ಸುಂಕ ಶೇ. 65. 1998ರ ಹೊತ್ತಿಗೆ ಅದು ಶೇ. 15ಕ್ಕೆ ಇಳಿದಿತ್ತು. ಇದೆಲ್ಲ ವಿಶ್ವ ವಾಣಿಜ್ಯ ಸಂಸ್ಥೆಯ ಒತ್ತಡವೆಂದು ವೇದಿಕೆಗಳ ಮೇಲೆ ಹೇಳುವುದುಂಟು. ಅದು ಪೂರ್ಣ ಸತ್ಯವಲ್ಲ. ಸೋಯಾ ಎಣ್ಣೆಗೆ ಒಪ್ಪಂದದ ಮಿತಿ ಶೇ. 45 ಇದ್ದದ್ದು ಹೌದು. ತಾಳೆ ಎಣ್ಣೆಗಾದರೋ ಶೇ. 300ರವರೆಗೆ ಸುಂಕ ಹಾಕಲು ಭಾರತಕ್ಕೆ ಅವಕಾಶವಿತ್ತು. ಇಳಿಸಿದ್ದು ದೆಹಲಿಯದೇ ನಿರ್ಧಾರ. ನಗರದ ಗ್ರಾಹಕನಿಗೆ ಅಗ್ಗದ ಎಣ್ಣೆ ಬೇಕಿತ್ತು, ಸರ್ಕಾರಗಳಿಗೆ ಬೆಲೆಯೇರಿಕೆಯ ಭಯವಿತ್ತು. ಮುಂದೆ ಸುಂಕ ಏರಿತು, ಇಳಿಯಿತು. 2008ರಲ್ಲಿ ಕಚ್ಚಾ ತಾಳೆ ಎಣ್ಣೆಗೆ ಸೊನ್ನೆಯೇ ಆಯಿತು. ಹೀಗೆ ಏರಿಳಿಯುವ ಸುಂಕವನ್ನು ನಂಬಿ ಯಾವ ಮಳೆಯಾಶ್ರಿತ ರೈತ ಬಿತ್ತನೆ ಮಾಡಿಯಾನು? ಕೊಪ್ಪಳ, ರಾಯಚೂರು, ಬಳ್ಳಾರಿಗಳ ಸೂರ್ಯಕಾಂತಿ ಹೊಲಗಳು ಸದ್ದಿಲ್ಲದೆ ಮೆಕ್ಕೆಜೋಳ, ಹತ್ತಿಗಳ ಪಾಲಾದವು.

ಅಗ್ಗದ ಎಣ್ಣೆಯ ನಿಜವಾದ ಬೆಲೆ ಗೊತ್ತಾದದ್ದು 2022ರಲ್ಲಿ. ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾಗಿ ಸೂರ್ಯಕಾಂತಿ ಎಣ್ಣೆಯ ಹಡಗುಗಳು ಕಪ್ಪುಸಮುದ್ರದಲ್ಲಿ ನಿಂತವು. ಏಪ್ರಿಲ್ 28ರಂದು ಇಂಡೋನೇಷ್ಯಾ, ತನ್ನ ಗ್ರಾಹಕರಿಗೆ ಎಣ್ಣೆ ಸಾಲದೆಂದು, ತಾಳೆ ಎಣ್ಣೆಯ ರಫ್ತನ್ನೇ ನಿಷೇಧಿಸಿತು. ಮೇ 23ರವರೆಗೆ ಬಾಗಿಲು ತೆರೆಯಲಿಲ್ಲ. ಇಲ್ಲಿ ಸುಂಕ ಇಳಿಸಿ ಬೆಲೆ ತಗ್ಗಿಸಲು ಹೆಚ್ಚೇನೂ ಉಳಿದಿರಲಿಲ್ಲ. ಮೂಲ ಸುಂಕವನ್ನು 2021ರ ಅಕ್ಟೋಬರಿನಲ್ಲೇ ಸೊನ್ನೆ ಮಾಡಿಯಾಗಿತ್ತು. ಹೊಲ ಎಣ್ಣೆಬೀಜವನ್ನು ಮರೆತ ಮೇಲೆ ಗ್ರಾಹಕ ಜಕಾರ್ತಾದ ಕೈಗೊಂಬೆ.

ಇದರಲ್ಲಿ ಮಲೆನಾಡಿಗೇನು ಕೆಲಸ ಎನ್ನುವವರಿದ್ದಾರೆ. ಇಲ್ಲಿ ಬೆಳೆಯುವುದು ಅಡಿಕೆ, ಕಾಳುಮೆಣಸು, ಏಲಕ್ಕಿ. ಎಣ್ಣೆಯನ್ನು ಕೊಂಡೇ ತರಬೇಕು. ಆದರೆ ಅಡಿಕೆ ಆಮದಿಗೆ 2023ರ ಫೆಬ್ರವರಿಯಲ್ಲಿ ಕಿಲೋಗೆ 351 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಪಡಿಸಿದಾಗ ಸ್ವಾಗತಿಸಿದ್ದು, 2017ರ ಡಿಸೆಂಬರಿನಲ್ಲಿ ಕಾಳುಮೆಣಸಿಗೆ 500 ರೂಪಾಯಿಯ ಮಿತಿ ಬಂದಾಗ ನಿಟ್ಟುಸಿರುಬಿಟ್ಟದ್ದು ಇದೇ ಮಲೆನಾಡು. ತನ್ನ ಬೆಳೆಗೆ ಗೋಡೆ ಬೇಕು, ಬಯಲುಸೀಮೆಯವನ ಶೇಂಗಾಕ್ಕೆ ಬೇಡ ಎಂಬ ನಿಲುವು ನ್ಯಾಯವಾದುದಲ್ಲ. ಹಿಂದೆ ಈ ಸೀಮೆಗೂ ತನ್ನದೇ ಎಣ್ಣೆ, ತುಪ್ಪಗಳಿದ್ದವು: ಕೊಬ್ಬರಿ ಎಣ್ಣೆ, ಹುಚ್ಚೆಳ್ಳೆಣ್ಣೆ, ಘಟ್ಟದ ಕಾಡಂಚಿನ ಮನೆಗಳಲ್ಲಿ ಉಪ್ಪಾಗೆ ಬೀಜದಿಂದ ತೆಗೆದ ತುಪ್ಪ. ಪಡಿತರದ ಪಾಮೋಲಿನ್ ಬಂದ ಮೇಲೆ ಅವು ಔಷಧದ ಶೀಶೆ ಸೇರಿದವು.

ಈಗ ಸರ್ಕಾರ ಸೂಚಿಸಿರುವ ಪರಿಹಾರ ಇನ್ನೂ ಗಂಭೀರವಾದುದು. 2021ರ ಆಗಸ್ಟಿನಲ್ಲಿ ಘೋಷಣೆಯಾದ ತಾಳೆ ಎಣ್ಣೆ ಮಿಷನ್ನಿಗೆ 11,040 ಕೋಟಿ ರೂಪಾಯಿ ನಿಗದಿಯಾಯಿತು, ಹೆಚ್ಚುವರಿ 6.5 ಲಕ್ಷ ಹೆಕ್ಟೇರಿನಲ್ಲಿ ತಾಳೆ ಬೆಳೆಸುವ ಗುರಿ, ಈಶಾನ್ಯದ ಗುಡ್ಡಗಾಡು ಮತ್ತು ಅಂಡಮಾನ್ ದ್ವೀಪಗಳ ಮೇಲೆ ವಿಶೇಷ ದೃಷ್ಟಿ. ಹೆಕ್ಟೇರಿಗೆ ಉಳಿದೆಲ್ಲ ಎಣ್ಣೆಬೀಜಗಳಿಗಿಂತ ಹೆಚ್ಚು ಎಣ್ಣೆ ಕೊಡುವ ಬೆಳೆ ಅದು, ಸಂಶಯವಿಲ್ಲ. ಆದರೆ ಅದರ ನೀರಿನ ದಾಹ ದೊಡ್ಡದು. ಮಳೆಕಾಡಿರುವಲ್ಲೇ ಅದು ಸೊಂಪಾಗಿ ಬರುತ್ತದೆ. ಸುಮಾತ್ರಾ, ಬೋರ್ನಿಯೋಗಳ ಕಾಡಿಗೆ ಏನಾಯಿತೆಂದು ಜಗತ್ತೇ ನೋಡಿದೆ. ಗೊನೆಯನ್ನು ಕಡಿದ ಒಂದು ದಿನದೊಳಗೆ ಗಿರಣಿಗೆ ಮುಟ್ಟಿಸದಿದ್ದರೆ ಎಣ್ಣೆ ಕೆಡುತ್ತದೆ; ಅಂದರೆ ಬೆಳೆಗಾರ ಹತ್ತಿರದ ಒಂದೇ ಗಿರಣಿಗೆ ಅಂಟಿಕೊಂಡಿರಬೇಕು. ಗೊನೆಯ ಬೆಲೆ ಕಚ್ಚಾ ತಾಳೆ ಎಣ್ಣೆಯ ಧಾರಣೆಗೆ ತಳುಕು ಹಾಕಿಕೊಂಡಿದೆ. ದೆಹಲಿ ಸುಂಕ ಇಳಿಸಿದ ದಿನ ಶೇಂಗಾ ಬೆಳೆಗಾರನಂತೆ ಇವನೂ ಸೋಲುತ್ತಾನೆ. ಇವನ ವ್ಯತ್ಯಾಸವನ್ನು ತುಂಬಿಕೊಡುವ ಭರವಸೆಯನ್ನು ಸರ್ಕಾರ ನೀಡಿದೆ.

ಬೇಡಿಕೆಯೊಂದನ್ನು ಗ್ರಾಮಸಭೆಗಳಿಂದಲೇ ಆರಂಭಿಸಬಹುದು. ಎಣ್ಣೆಬೀಜದ ಧಾರಣೆ ಬೆಂಬಲ ಬೆಲೆಗಿಂತ ಕೆಳಗಿರುವವರೆಗೆ ಸುಂಕ ಇಳಿಸಕೂಡದು. ಸುಂಕದಿಂದ ಬಂದ ಹಣದಲ್ಲೊಂದು ಪಾಲಿನಿಂದ ಶೇಂಗಾ, ಸೂರ್ಯಕಾಂತಿ, ಹುಚ್ಚೆಳ್ಳುಗಳನ್ನು ಸಹಕಾರಿ ಸಂಘಗಳ ಮೂಲಕ ಕೊಂಡು, ಅದರ ಎಣ್ಣೆಯನ್ನು ಪಡಿತರ ಚೀಟಿಯ ಮೇಲೆ ಬಡ ಕುಟುಂಬಗಳಿಗೆ ರಿಯಾಯಿತಿ ದರದಲ್ಲಿ ಕೊಡಬೇಕು. ಸುಂಕದ ಹೊರೆ ಮೊದಲು ಬೀಳುವುದು ಬಡವರ ಒಗ್ಗರಣೆಯ ಮೇಲೆಯೇ. ಅದಕ್ಕೆ ಉತ್ತರ ಕೊಡದೆ ಸುಂಕ ಏರಿಸಿ ಎಂದು ಕೇಳುವ ಹಕ್ಕು ಯಾವ ರೈತ ಸಂಘಟನೆಗೂ ಇಲ್ಲ.