ತಿಂಗಳೊಂದು, ಚಿತ್ರಕಥೆಯೊಂದು

ಮಹಾಕಾವ್ಯಕ್ಕೆ ವರ್ಷಗಳು ಬೇಕೆಂಬುದನ್ನು ನಾವು ಸಹಜವಾಗಿ ಒಪ್ಪುತ್ತೇವೆ. ‘ಶ್ರೀ ರಾಮಾಯಣ ದರ್ಶನಂ’ ರಚನೆಗೆ ಕುವೆಂಪು ಅವರು ಸುಮಾರು 9 ವರ್ಷಗಳನ್ನು ಮೀಸಲಿಟ್ಟರು. ಆದರೆ ಒಂದೇ ತಿಂಗಳಲ್ಲಿ ಚಿತ್ರಕಥೆಯ ಕರಡನ್ನು ಮುಗಿಸಹೊರಟವನ ಪಾಡು ಬೇರೆ ಬಗೆಯದು. ಕಾಲಕ್ಕಿಂತ ಮೊದಲು ಅವನಿಗೆ ಉತ್ಸಾಹವೇ ತೀರಿಬಿಡುತ್ತದೆ.

ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸರಿಸುಮಾರು ಒಂದು ನಿಮಿಷ ಎಂಬುದು ಆ ಕಸುಬಿನವರ ಲೆಕ್ಕ. ಅಮೆರಿಕದಲ್ಲಿ 2007ರಿಂದ 2012ರವರೆಗೆ ‘ಸ್ಕ್ರಿಪ್ಟ್ ಫ್ರೆಂಜಿ’ ಎಂಬ ವಾರ್ಷಿಕ ಬರವಣಿಗೆಯ ಪಂಥ ನಡೆಯಿತು. ಕಡೆಯ ವರ್ಷಗಳಲ್ಲಿ ಅದರ ಗುರಿ ಏಪ್ರಿಲ್ ತಿಂಗಳ 30 ದಿನಗಳಲ್ಲಿ 100 ಪುಟ. ಎಂದರೆ ದಿನಕ್ಕೆ ಮೂರೂಕಾಲು ಪುಟಕ್ಕಿಂತ ತುಸು ಹೆಚ್ಚು. ಮೊದಲ ವಾರ ಕಥೆಯ ಹೊಸತನವೇ ಲೇಖನಿಯನ್ನು ಎಳೆದೊಯ್ಯುತ್ತದೆ. ಎರಡನೆಯ ವಾರಕ್ಕೆ ಆರಂಭದ ಕುತೂಹಲ ತಣಿದಿರುತ್ತದೆ, ಮುಕ್ತಾಯ ಇನ್ನೂ ಕಾಣಿಸದು. ಬರೆದ ಪುಟಗಳೆಲ್ಲ ಆಗ ಸಪ್ಪೆಯೆನಿಸುತ್ತವೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೇ ಹನ್ನೆರಡನೆಯ ದಿನ ಬಂದು, “ಸಾರ್, ಸ್ಫೂರ್ತಿ ಬತ್ತಿಹೋಯಿತು, ಬಿಟ್ಟುಬಿಡುತ್ತೇನೆ” ಎಂದ. ನಾನು ಅವನಿಗೆ ದಾಸ್ತೊಯೆವ್‌ಸ್ಕಿಯ ಪ್ರಸಂಗ ಹೇಳಿದೆ. 1866ರ ನವೆಂಬರ್ 1ರೊಳಗೆ ಕಾದಂಬರಿ ಕೊಡದಿದ್ದರೆ, 9 ವರ್ಷಗಳ ಕಾಲ ಆತನ ಕೃತಿಗಳನ್ನು ಸಂಭಾವನೆಯಿಲ್ಲದೆ ಅಚ್ಚುಹಾಕುವ ಹಕ್ಕು ಪ್ರಕಾಶಕನ ಪಾಲಾಗುತ್ತಿತ್ತು. ಅಕ್ಟೋಬರ್‌ನಲ್ಲಿ ಅನ್ನಾ ಎಂಬ ಇಪ್ಪತ್ತರ ಹರೆಯದ ಶೀಘ್ರಲಿಪಿಗಾರ್ತಿ ಬಂದಳು. ಆತ ಹೇಳಿ ಬರೆಸಿದ್ದನ್ನು ಆಕೆ ಮನೆಯಲ್ಲಿ ಶುದ್ಧಪ್ರತಿ ಮಾಡಿ ಮರುದಿನ ತರುತ್ತಿದ್ದಳು. 26 ದಿನಗಳಲ್ಲಿ ‘ಜೂಜುಗಾರ’ ಸಿದ್ಧವಾಯಿತು. ಗಡುವಿನ ಭಯ ಮೊದಲೂ ಇತ್ತು, ಆದರೂ ಕಾದಂಬರಿ ಹುಟ್ಟಿರಲಿಲ್ಲ. ಮುಂದಿನ ಮಾತಿಗಾಗಿ ದಿನವೂ ಕಾಯುವ ಜೀವವೊಂದು ಎದುರಿಗೆ ಕುಳಿತಾಗ ಅದು ಹುಟ್ಟಿತೆಂದು ನಾನು ತಿಳಿಯುತ್ತೇನೆ.

“ದಿನವೂ ಸಂಜೆ ಬಂದು ಅಂದಿನ ಪುಟಗಳನ್ನು ಓದು. ನಾನು ತಿದ್ದುವುದಿಲ್ಲ, ಮುಂದೇನಾಯಿತು ಎಂದಷ್ಟೇ ಕೇಳುತ್ತೇನೆ” ಎಂದೆ. ಹೆಮಿಂಗ್ವೇ ಪಾಲಿಸುತ್ತಿದ್ದ ನಿಯಮವೊಂದನ್ನೂ ಸೇರಿಸಿದೆ: ಮುಂದಿನದು ತಿಳಿದಿರುವಾಗಲೇ ಲೇಖನಿ ಕೆಳಗಿಡಬೇಕು. ಹಾಗೆ ಮಾಡಿದವನು ಮರುದಿನ ಖಾಲಿ ಹಾಳೆಯೆದುರು ತಡವರಿಸುವುದಿಲ್ಲ.

ಅವನು ಬಂದ. ಒಂದು ಸಂಜೆ ಅರ್ಧ ಪುಟವಷ್ಟೇ ಇತ್ತು. ಅದನ್ನೂ ಓದಿಸಿ ಕೇಳಿದೆ. ಮೂವತ್ತನೆಯ ಸಂಜೆ ಕೊನೆಯ ದೃಶ್ಯ ಓದಿದ. ತಿದ್ದಬೇಕಾದುದು ಧಾರಾಳವಾಗಿತ್ತು, ಆದರೆ ಕಥೆ ದಡ ಮುಟ್ಟಿತ್ತು.

ಕೇಳುಗರಲ್ಲಿ ನನ್ನ ಬಿನ್ನಹವಿಷ್ಟೇ. ನಿಮ್ಮ ಮನೆಯಲ್ಲಿ ಬರೆಯುವವರಿದ್ದರೆ, ಕರಡು ಮುಗಿಯುವವರೆಗೆ ಗುಣದೋಷಗಳ ತೀರ್ಪು ಬೇಡ. ಸಂಜೆ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ಕಥೆ ಕೇಳಿ.