ಹಾಥಾರ್ನ್ ಮತ್ತು ಮೆಲ್ವಿಲ್



1850ರ ಆಗಸ್ಟ್ 5. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಬೆಟ್ಟ ಹತ್ತಲು ಹೊರಟಿದ್ದ ಬರಹಗಾರರ ಗುಂಪಿನಲ್ಲಿ ಇಬ್ಬರಿಗೆ ಮೊದಲ ಸಲ ಪರಿಚಯವಾಯಿತು. ನಥಾನಿಯಲ್ ಹಾಥಾರ್ನ್‌ಗೆ ಆಗ 46 ವರ್ಷ; ‘ದಿ ಸ್ಕಾರ್ಲೆಟ್ ಲೆಟರ್’ ಆ ವರ್ಷವೇ ಬಂದು ಹೆಸರು ಮಾಡಿತ್ತು. ಹರ್ಮನ್ ಮೆಲ್ವಿಲ್‌ಗೆ 31. ತಿಮಿಂಗಿಲ ಬೇಟೆಯ ಕಾದಂಬರಿಯೊಂದನ್ನು ಬರೆಯುತ್ತಿದ್ದ.

ಅದೇ ತಿಂಗಳು ಮೆಲ್ವಿಲ್ ತನ್ನ ಹೆಸರು ಮರೆಸಿ ಒಂದು ಲೇಖನ ಪ್ರಕಟಿಸಿದ. ಹಾಥಾರ್ನ್‌ನನ್ನು ಷೇಕ್ಸ್‌ಪಿಯರ್‌ನ ಪಕ್ಕಕ್ಕೇ ತಂದು ನಿಲ್ಲಿಸಿದ. ಸೌಮ್ಯ ಕಥೆಗಾರನೆಂದು ಜನ ಮೆಚ್ಚಿದವನ ಒಳಗೆ ಎಷ್ಟು ಕತ್ತಲೆಯಿದೆ ನೋಡಿ ಎಂದ. ಮುಂದಿನ ವರ್ಷ ಆ ತಿಮಿಂಗಿಲ ಬೇಟೆಯ ಕಾದಂಬರಿ ‘ಮೋಬಿ ಡಿಕ್’ ಅನ್ನು ಹಾಥಾರ್ನ್‌ಗೇ ಅರ್ಪಿಸಿದ.

ಓದುಗರು ಆ ಪುಸ್ತಕದ ಕೈಹಿಡಿಯಲಿಲ್ಲ. ಮೆಲ್ವಿಲ್ ನ್ಯೂಯಾರ್ಕ್ ಬಂದರಿನಲ್ಲಿ 19 ವರ್ಷ ಸುಂಕದ ಇಲಾಖೆಯ ನೌಕರಿ ಮಾಡಿದ, 1891ರಲ್ಲಿ ಹೆಚ್ಚುಕಡಿಮೆ ಅಜ್ಞಾತನಾಗಿ ತೀರಿಕೊಂಡ. 1920ರ ದಶಕದಲ್ಲಿ ಜನ ಅವನನ್ನು ಮತ್ತೆ ಓದತೊಡಗಿದರು. ಈಗ ಅನೇಕರಿಗೆ ಮೆಲ್ವಿಲ್ಲೇ ದೊಡ್ಡವನು.

ನನಗೂ ಹಾಗೇ ಅನಿಸುತ್ತದೆ, ಆದರೆ ಸುಲಭವಾಗಿ ಅಲ್ಲ. ಕಟ್ಟುವ ಕೌಶಲದಲ್ಲಿ ಹಾಥಾರ್ನ್‌ಗೆ ಸಾಟಿಯಿಲ್ಲ. ಅಪರಾಧಿಗಳನ್ನು ನಿಲ್ಲಿಸುವ ಕಟ್ಟೆ ‘ದಿ ಸ್ಕಾರ್ಲೆಟ್ ಲೆಟರ್’ ಕಾದಂಬರಿಯ ಆದಿ, ಮಧ್ಯ, ಅಂತ್ಯದಲ್ಲಿ ಮೂರು ಸಲ ಬರುತ್ತದೆ; ಇಡೀ ಕಥೆ ಅದರ ಮೇಲೆ ನಿಂತಿದೆ. ಮೆಲ್ವಿಲ್‌ನಲ್ಲಿ ಇಂಥ ಬಿಗಿಯಿಲ್ಲ. ತಿಮಿಂಗಿಲಗಳ ವರ್ಗೀಕರಣಕ್ಕೇ ಒಂದು ಅಧ್ಯಾಯ ಮೀಸಲು. ಕಥೆ ಹೇಳುವ ಇಷ್ಮೇಲ್, ತಾನು ಇಲ್ಲದ ಕಡೆ ಆಡಿದ ಮಾತನ್ನೂ ನಮಗೆ ಕೇಳಿಸುತ್ತಾನೆ. ಬಲ್ಕಿಂಗ್ಟನ್ ಎಂಬ ನಾವಿಕ ಭರವಸೆ ಹುಟ್ಟಿಸಿ ಬಂದವನು ಹಾಗೇ ಮರೆಯಾಗುತ್ತಾನೆ.

ಆದರೂ ಹಾಥಾರ್ನ್ ಕತ್ತಲೆಯ ಅಂಚಿನಲ್ಲಿ ತಡೆದು ನಿಲ್ಲುತ್ತಾನೆ. ಅದೇ ಕಾದಂಬರಿಯ ಪಾದ್ರಿಯ ಎದೆಯ ಮೇಲೆ ಗುರುತು ಕಂಡಿತೆಂದು ಕೆಲವರು, ಇಲ್ಲವೆಂದು ಕೆಲವರು ಹೇಳಿದರು ಎಂದು ನಮಗೇ ಬಿಟ್ಟುಬಿಡುತ್ತಾನೆ. ಮೆಲ್ವಿಲ್ ಹಡಗಿನ ನಾಯಕ ಏಹಬ್‌ನ ರೋಷದೊಳಕ್ಕೆ ನಮ್ಮನ್ನು ನುಗ್ಗಿಸುತ್ತಾನೆ, ಹಡಗು ಮುಳುಗುವವರೆಗೂ ಬಿಡುವುದಿಲ್ಲ. ಆ ಧೈರ್ಯಕ್ಕಾಗಿಯೇ ನಾನು ಅವನನ್ನು ಮೇಲೆ ಎಣಿಸುತ್ತೇನೆ. ಹಾಗೆಂದು ಊರು ಹೊರಿಸಿದ ಕಳಂಕವನ್ನು ಎದೆಯ ಮೇಲೆ ಧರಿಸಿ, ಹೊಲಿಗೆಯಿಂದ ತನ್ನನ್ನೂ ಮಗಳನ್ನೂ ಸಾಕಿಕೊಂಡ ‘ದಿ ಸ್ಕಾರ್ಲೆಟ್ ಲೆಟರ್’ನ ನಾಯಕಿ ಹೆಸ್ಟರ್‌ಳಂಥ ಹೆಣ್ಣು ಮೆಲ್ವಿಲ್‌ನ ಯಾವ ಪುಸ್ತಕದಲ್ಲಿದ್ದಾಳೆ?

1856ರಲ್ಲಿ ಲಿವರ್‌ಪೂಲ್‌ನಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದ ಹಾಥಾರ್ನ್‌ನನ್ನು ಮೆಲ್ವಿಲ್ ನೋಡಲು ಹೋದ. ದೇವರನ್ನು ನಂಬಲೂ ಆಗದೆ, ನಂಬದೆ ನೆಮ್ಮದಿಯಿಂದಿರಲೂ ಆಗದೆ ಇವನು ತೊಳಲುತ್ತಿದ್ದಾನೆ ಎಂಬರ್ಥದಲ್ಲಿ ಹಾಥಾರ್ನ್ ತನ್ನ ದಿನಚರಿಯಲ್ಲಿ ಬರೆದುಕೊಂಡ. ಮೆಲ್ವಿಲ್ ಬಗ್ಗೆ ಆಮೇಲೆ ಬಂದ ವಿಮರ್ಶೆಯಲ್ಲಿ ಇಷ್ಟು ನಿಖರವಾದ ಮಾತನ್ನು ನಾನು ಓದಿಲ್ಲ.