ಸಂಜೆಯ ಜಪವೂ ಮನೆಯ ಮಕ್ಕಳೂ

ಕೊಳ್ಳೇಗಾಲದ ಸೀಮೆಯೆಂದರೆ ಹೊರಗಿನವರ ಮನಸ್ಸಿಗೆ ಮೊದಲು ಹೊಳೆಯುವುದು ರೇಷ್ಮೆ; ಅನಂತರ ಮಲೆಯ ಮಾದಪ್ಪನ ಬೆಟ್ಟ, ಶಿವನಸಮುದ್ರದ ಜಲಪಾತ. ಈ ಸೀಮೆಯಲ್ಲಿ ತಲೆತಲಾಂತರದಿಂದ ಬೇಸಾಯವನ್ನೇ ನಂಬಿ ಬದುಕಿರುವ ಕ್ರೈಸ್ತ ಕುಟುಂಬಗಳೂ ಇವೆಯೆಂಬುದನ್ನು ಎಲ್ಲರೂ ಅರಿಯರು. ಕಾಮಗೆರೆಯಲ್ಲಿ ಕ್ರೈಸ್ತ ಸಂನ್ಯಾಸಿನಿಯರು ನಡೆಸುವ ಆಸ್ಪತ್ರೆಯನ್ನು ಕಂಡವರುಂಟು. ಹನೂರಿನಿಂದ ಕಾಡಿನತ್ತ ಸಾಗಿ ಮಾರ್ಟಳ್ಳಿಯ ದೇವಾಲಯವನ್ನು ಕಂಡವರೂ ಉಂಟು. ಆದರೆ ಆ ಮನೆಗಳ ಒಳಗೆ, ದೀಪ ಹಚ್ಚಿದ ಮೇಲೆ, ತಾಯಿತಂದೆಗಳೂ ಮಕ್ಕಳೂ ಹೇಗೆ ಕಾಲ ಕಳೆಯುತ್ತಾರೆಂಬುದನ್ನು ಕುರಿತು ಕೇಳಿದವರು ವಿರಳ. ಅಂಥ ಮನೆಯೊಂದರ ಯಜಮಾನನಾದ ನಾನು ಈ ಸಂಜೆ ಅದನ್ನೇ ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ.

ಮೊದಲು ಭಾಷೆಯ ವಿಚಾರ. 1956ನೆಯ ಇಸವಿಯ ನವೆಂಬರ್ 1ರವರೆಗೆ ಕೊಳ್ಳೇಗಾಲವು ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಗ್ಗುಲಿನ ಯಳಂದೂರಾದರೋ ದಿವಾನ್ ಪೂರ್ಣಯ್ಯನವರ ವಂಶದ ಜಹಗೀರಾಗಿ ಮೈಸೂರು ಸಂಸ್ಥಾನದೊಳಗಿತ್ತು. ಹೀಗಾಗಿ ನಮ್ಮ ಕಡೆಯ ಕ್ರೈಸ್ತರಲ್ಲಿ ಕನ್ನಡದ ಮನೆಗಳೂ ತಮಿಳಿನ ಮನೆಗಳೂ ಬೆರೆತುಹೋಗಿವೆ. ಮಾರ್ಟಳ್ಳಿಯ ಕಡೆ ಮಗುವು ಮನೆಯಲ್ಲಿ ತಮಿಳು ಆಡಿ, ಶಾಲೆಯಲ್ಲಿ ಕನ್ನಡ ಬರೆಯುವುದು ಸಾಮಾನ್ಯ. ಅಜ್ಜಿಯೊಡನೆ ಒಂದು ನುಡಿಯಲ್ಲಿ ಪ್ರಾರ್ಥಿಸಿ, ಉಪಾಧ್ಯಾಯರಿಗೆ ಇನ್ನೊಂದು ನುಡಿಯಲ್ಲಿ ಪಾಠವೊಪ್ಪಿಸುವ ಮಕ್ಕಳು ಅದರಿಂದ ಕೆಟ್ಟುದನ್ನು ನಾನು ಕಾಣೆ. ಭಾಷೆಯ ಜಗಳಗಳೆಲ್ಲ ದೊಡ್ಡವರವು.

ಇನ್ನೊಂದು ಸಂಗತಿಯೂ ಇಲ್ಲಿ ನೆನೆಯತಕ್ಕದ್ದು. 1962ರಿಂದ 1965ರವರೆಗೆ ರೋಮಿನಲ್ಲಿ ನೆರೆದ ಧರ್ಮಸಭೆಯ ಮಹಾಸಮ್ಮೇಳನವು ಅಪ್ಪಣೆ ಕೊಡುವ ತನಕ ಕಥೋಲಿಕ ದೇವಾಲಯಗಳಲ್ಲಿ ಬಲಿಪೂಜೆಯು ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ನಮ್ಮ ಹಿರಿಯರು ಅದನ್ನು ಭಕ್ತಿಯಿಂದ ಕೇಳುತ್ತಿದ್ದರೇ ಹೊರತು ಮಾತುಮಾತಿನ ಅರ್ಥವನ್ನು ತಿಳಿದವರಲ್ಲ. ಅವರಿಗೆ ಅರ್ಥವಾಗುತ್ತಿದ್ದುದು ಮನೆಯ ಜಪ. ಪರಲೋಕಮಂತ್ರವನ್ನೂ ನಮೋ ಮರಿಯವನ್ನೂ ಅಕ್ಷರ ಬಾರದ ತಾಯಂದಿರು ಬಾಯಿಂದ ಬಾಯಿಗೆ ಕಲಿಸಿದರು. ಗುರುಗಳು ತಿಂಗಳಿಗೊಮ್ಮೆ ಬರುವುದೇ ಹೆಚ್ಚೆನ್ನುವಂಥ ಹಳ್ಳಿಗಳಲ್ಲಿ ಧರ್ಮವು ಉಳಿದುದು ಒಲೆಯ ಮುಂದೆ, ತಾಯಿಯ ಮಡಿಲಲ್ಲಿ.

ಹೆಸರುಗಳಲ್ಲಿಯೂ ಆ ಮನೆತನವು ಕಾಣುತ್ತದೆ. ಪೇತ್ರನು ನಮ್ಮಲ್ಲಿ ರಾಯಪ್ಪ, ಪೌಲನು ಚಿನ್ನಪ್ಪ. ಪೌಲನೆಂಬ ಲ್ಯಾಟಿನ್ ಹೆಸರಿಗೆ ಚಿಕ್ಕವನೆಂದು ಅರ್ಥ. ತಮಿಳಿನ ‘ಚಿನ್ನ’ ಎಂಬುದಕ್ಕೂ ಅದೇ ಅರ್ಥ. ಇಗ್ನೇಷಿಯಸನು ಇನ್ನಾಸಪ್ಪನಾದನು, ಅಂತೋನಿಯು ಅಂತೋಣಪ್ಪನಾದನು. ವೇಳಾಂಗಣ್ಣಿಯ ಆರೋಗ್ಯಮಾತೆಗೆ ಹರಸಿಕೊಂಡು ಹೆತ್ತ ಮಗಳು ಆರೋಗ್ಯಮ್ಮ. ಈಚೆಗೆ ಹುಟ್ಟಿದ ಕೂಸುಗಳಿಗೆ ಚಲನಚಿತ್ರದ ನಟರ ಹೆಸರನ್ನು ಮುಂದಿಟ್ಟು, ಸಂತರ ಹೆಸರನ್ನು ಹಿಂದಿಡುವ ಪದ್ಧತಿ ಬಂದಿದೆ. ನನಗೆ ಹಳೆಯ ಹೆಸರುಗಳೇ ಹಿತ; ಆದರೆ ಮಗುವಿನ ಹೆಸರಿಗಾಗಿ ಸೊಸೆಯೊಡನೆ ಕಾದಾಡುವಷ್ಟು ಹಿತವಲ್ಲ.

ನಮ್ಮದು ಕಾಮಗೆರೆಯ ಆಚೆಯ ಒಂದು ಹಳ್ಳಿ. ಒಂದಿಷ್ಟು ಹಿಪ್ಪುನೇರಳೆ ತೋಟ, ಹುಳು ಸಾಕುವ ಒಂದು ಮನೆ. ರೇಷ್ಮೆಹುಳುವನ್ನು ಸಾಕದವರಿಗೆ ಈ ಕೆಲಸದ ಬಿಗಿ ತಿಳಿಯಲಾರದು. ಮೊಟ್ಟೆಯೊಡೆದಂದಿನಿಂದ ಹಣ್ಣಾಗುವವರೆಗೆ ಹೆಚ್ಚು ಕಡಮೆ ಇಪ್ಪತ್ತೈದು ದಿನ. ಅಷ್ಟರೊಳಗೆ ಹುಳುವು ನಾಲ್ಕು ಸಲ ಪೊರೆ ಕಳಚುತ್ತದೆ. ಅದನ್ನೇ ನಾವು ಜ್ವರವೆನ್ನುವುದು. ನಾಲ್ಕನೆಯ ಜ್ವರದಿಂದ ಎದ್ದ ಬಳಿಕ ಒಂದು ವಾರ ಅದರ ಹಸಿವಿಗೆ ಎಣೆಯಿಲ್ಲ. ತನ್ನ ಇಡೀ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಐದಕ್ಕೆ ನಾಲ್ಕು ಪಾಲಿಗೂ ಮಿಗಿಲಾಗಿ ಆ ಒಂದು ವಾರದಲ್ಲಿಯೇ ತಿಂದುಬಿಡುತ್ತದೆ. ತಟ್ಟೆಗಳ ನಡುವೆ ನಿಂತರೆ ಎಲೆಯ ಮೇಲೆ ಸಣ್ಣ ಮಳೆ ಬಿದ್ದಂತೆ ಸದ್ದು ಕೇಳುತ್ತದೆ. ಆ ವಾರದಲ್ಲಿ ಭಾನುವಾರ ಬಂದರೂ ಹುಳುವಿಗೆ ಅದು ಭಾನುವಾರವಲ್ಲ. ಸೊಪ್ಪು ತಪ್ಪಿದರೆ ಗೂಡು ಬಡಕಲಾಗುತ್ತದೆ. ಗೂಡು ಬಡಕಲಾದರೆ ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ. ಸಾಲಗಾರನು ಮಾತ್ರ ಇಳಿಸುವುದಿಲ್ಲ.

ಇಂಥ ಒಂದು ವಾರದಲ್ಲಿ ನಡೆದುದನ್ನು ಹೇಳುವೆನು, ಹೇಳುವುದಕ್ಕೆ ನಾಚಿಕೆಯಾಗುತ್ತದೆ. ನನ್ನ ಹಿರಿಯ ಮಗನಿಗೆ ಆಗ ಹನ್ನೊಂದು ವರ್ಷ. ಬೆಳಗಿನ ಜಾವವೆದ್ದು ಸೊಪ್ಪು ಕೊಯ್ದು, ಶಾಲೆಗೆ ಹೋಗಿಬಂದು, ಮತ್ತೆ ಸಂಜೆ ಸೊಪ್ಪು ಹೊತ್ತಿದ್ದನು. ರಾತ್ರಿ ಎಂಟರ ಹೊತ್ತಿಗೆ ಎಲ್ಲರೂ ಜಪಸರ ಹಿಡಿದು ಮಂಡಿಯೂರಿದೆವು. ಐದು ಹತ್ತುಗಳಲ್ಲಿ ಒಂದೊಂದನ್ನು ಒಬ್ಬೊಬ್ಬರು ನಡೆಸುವುದು ನಮ್ಮ ಮನೆಯ ಕ್ರಮ. ಮೂರನೆಯ ಹತ್ತು ಅವನದು. ಅವನ ಸರದಿ ಬಂದಾಗ ಸ್ವರವೇ ಇಲ್ಲ, ಗೋಡೆಗೊರಗಿ ನಿದ್ದೆಹೋಗಿದ್ದನು. ದೇವರ ಮುಂದೆ ಅಸಡ್ಡೆಯೆಂದು ನಾನು ಸಿಟ್ಟಿಗೆದ್ದು ಅವನ ಕೆನ್ನೆಗೆ ಹೊಡೆದೆ. ಹುಡುಗನು ಅಳಲಿಲ್ಲ. ಹತ್ತು ಮಣಿಗಳನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದನು. ಆ ಸ್ವರವು ಪ್ರಾರ್ಥನೆಯದಾಗಿರಲಿಲ್ಲ, ತೆರಿಗೆ ಕಟ್ಟುವವನದಾಗಿತ್ತು.

ಎಲ್ಲರೂ ಮಲಗಿದ ಮೇಲೆ ನನ್ನ ತಾಯಿ ಹುಳುವಿನ ಮನೆಗೆ ಬಂದು, ಸೊಪ್ಪು ಹಾಕುತ್ತಿದ್ದ ನನ್ನ ಪಕ್ಕದಲ್ಲಿ ಕುಳಿತರು. “ನಿಂಗೂ ಹನ್ನೊಂದ್ ವರ್ಸ ಇತ್ತು ಕನಪ್ಪ. ಜಪದಲ್ಲೇ ಒರಗ್ಬುಡ್ತಿದ್ದೆ. ನಿಮ್ಮಪ್ಪ ಎತ್ಕಂಡೋಗಿ ಮನಗುಸ್ತಿದ್ರು. ನಿನ್ನ ಪಾಲಿನ ಮಣಿಯ ನಾನೇ ಎಣುಸ್ತಿದ್ದೆ” ಎಂದರು. ಮತ್ತೇನನ್ನೂ ಹೇಳಲಿಲ್ಲ. ನನಗೆ ಅದೊಂದೂ ನೆನಪಿರಲಿಲ್ಲ. ನಿದ್ದೆಹೋದವನಿಗೆ ನೆನಪಿರುವುದಾದರೂ ಹೇಗೆ?

ಪೌಲನು ಎಫೆಸದವರಿಗೆ ಬರೆದ ಪತ್ರದ 6ನೆಯ ಅಧ್ಯಾಯವನ್ನು ತಂದೆಯಾದವನು ಬಲ್ಲನು. ಮಕ್ಕಳು ತಾಯಿತಂದೆಗಳಿಗೆ ವಿಧೇಯರಾಗಿರಬೇಕೆಂಬುದು ಅದರ ಮೊದಲ ವಚನ. ಮೂರು ವಚನ ದಾಟಿದರೆ ತಂದೆಗಳಿಗೂ ಒಂದು ಮಾತಿದೆ, ಮಕ್ಕಳನ್ನು ಕೆಣಕಿ ಸಿಟ್ಟಿಗೇಳಿಸಬಾರದೆಂದು. ನಾನು ಮೊದಲನೆಯದನ್ನು ಕಂಠಪಾಠ ಮಾಡಿಸಿದ್ದೆ. ನಾಲ್ಕನೆಯದನ್ನು ಓದಿಯೂ ಓದದವನಾಗಿದ್ದೆ. ಸಬ್ಬತ್ತಿನ ದಿನ ಗುಂಡಿಗೆ ಬಿದ್ದ ಕುರಿಯನ್ನು ಎತ್ತದವರು ಯಾರೆಂದು ಯೇಸುಸ್ವಾಮಿ ಕೇಳಿದ ಪ್ರಸಂಗವು ಮತ್ತಾಯನ ಸುವಾರ್ತೆಯಲ್ಲಿದೆ. ಹುಳುವಿನ ಹಸಿವಿಗೆ ಭಾನುವಾರವನ್ನು ಸಡಿಲಿಸಬಹುದೆಂದು ಆ ಮಾತಿನ ಬಲದಿಂದಲೇ ನಾನು ಒಪ್ಪಿದ್ದವನು. ಬಳಲಿದ ಮಗನಿಗೆ ಹತ್ತು ಮಣಿಗಳನ್ನು ಸಡಿಲಿಸಲಿಲ್ಲ. ಮರುದಿನ ಬೆಳಗ್ಗೆ ತೋಟದಲ್ಲಿ ಅವನೊಡನೆ, “ನಾನು ಮಾಡಿದ್ದು ತಪ್ಪು ಕಣಪ್ಪ” ಎಂದೆ. ಅವನು ಸೊಪ್ಪು ಕೊಯ್ಯುತ್ತಲೇ ಇದ್ದನು. ತಂದೆಯು ಮಗನಲ್ಲಿ ಕ್ಷಮೆ ಬೇಡುವುದನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಏನು ಹೇಳಬೇಕೆಂದು ಅವನಿಗೂ ತಿಳಿದಿರಲಾರದು. ಅಂದಿನಿಂದ ಶಾಲೆಯ ದಿನಗಳಲ್ಲಿ ಬೆಳಗಿನ ಸೊಪ್ಪಿಗೆ ಆಳನ್ನು ಗೊತ್ತುಮಾಡಿದೆ. ಕೂಲಿ ಕೊಡುವುದು ಕಷ್ಟವಾಯಿತು. ಎರಡು ಬೆಳೆಗಳಲ್ಲಿ ಕೈಗೆ ಏನೂ ಉಳಿಯಲಿಲ್ಲ.

ತಪಸ್ಸುಕಾಲದ ಬಗೆಗೂ ಒಂದು ಮಾತು. ನಲವತ್ತು ದಿನ ಮಾಂಸವನ್ನು ಮುಟ್ಟದ ಗಂಡಸರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆ ನಲವತ್ತು ದಿನವೂ ಸಂಜೆಯ ಹೊತ್ತಿಗೆ ಸಾರಾಯಿ ಅಂಗಡಿಯ ದಾರಿಯನ್ನು ಮರೆತವರು ಅಷ್ಟು ಮಂದಿ ಇದ್ದುದಿಲ್ಲ. ಸಾರಾಯಿ ಅಂಗಡಿಗಳು 2007ರಲ್ಲಿ ಮುಚ್ಚಿದವು. ದಾರಿ ಬೇರೆಯಾಯಿತು, ಅಷ್ಟೇ. ಮಕ್ಕಳು ಇದನ್ನೆಲ್ಲ ನೋಡುತ್ತವೆ, ಲೆಕ್ಕವಿಡುತ್ತವೆ.

ಶಿವರಾತ್ರಿ ಸಮೀಪಿಸಿದಾಗ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವ ಪರಸೆಯವರು ನಮ್ಮ ದಾರಿಯಲ್ಲಿಯೇ ಸಾಗುತ್ತಾರೆ. ನನ್ನ ತಾಯಿ ಜಗಲಿಯ ಮೇಲೆ ಒಂದು ಮಡಕೆ ನೀರನ್ನೂ ಮಜ್ಜಿಗೆಯನ್ನೂ ಇಡುವರು. ನನ್ನ ಕಿರಿಯ ಮಗಳು ಒಮ್ಮೆ, “ಅಜ್ಜಿ, ಅವರು ನಮ್ಮ ದೇವರ ಹತ್ತಿರ ಹೋಗುತ್ತಾರೆಯೇ?” ಎಂದು ಕೇಳಿದಳು. “ಮೊದ್ಲು ನೀರ್ ಕೊಡವ್ವ, ಕಾಲು ಸುಟ್ಟಿರ್ತದೆ” ಎಂದರು ಅವರು. ನಾನಾಗಿದ್ದರೆ ಅರ್ಧ ಗಂಟೆ ಉಪದೇಶ ಮಾಡುತ್ತಿದ್ದೆನೋ ಏನೋ.

ಆ ಹುಡುಗನಿಗೆ ಈಗ ಹತ್ತೊಂಬತ್ತು ವರ್ಷ. ಕಡೆಯ ಜ್ವರದ ಬಳಿಕ ಭಾನುವಾರ ಬಂದರೆ ಮನೆಯವರು ಸರದಿಯ ಮೇಲೆ ಪೂಜೆಗೆ ಹೋಗುತ್ತೇವೆ. ಒಬ್ಬರು ಹುಳುವಿನೊಡನೆ ನಿಲ್ಲುತ್ತಾರೆ. ತಾಯಿಗೆ ಈಗ ಮಂಡಿಯೂರಲಾಗದು. ಗೋಡೆಗೊರಗಿ ಕುಳಿತು, ಎರಡನೆಯ ಹತ್ತಿನಲ್ಲಿಯೇ ತೂಕಡಿಸುವರು. ಹಿಂದಿನ ಬೆಳೆಯಲ್ಲಿ ಒಂದು ರಾತ್ರಿ ನಾನು ಗೂಡನ್ನು ಮಾರಿ ತಡವಾಗಿ ಮನೆಗೆ ಬಂದಾಗ ಜಪ ಮುಗಿದಿತ್ತು. ಅಜ್ಜಿಯನ್ನು ಹಾಸಿಗೆಯ ಮೇಲೆ ಮಲಗಿಸಿ, ಕಂಬಳಿ ಹೊದಿಸುತ್ತಿದ್ದ ಮಗನು ನನ್ನನ್ನು ಕಂಡು, ಅವರ ಪಾಲಿನ ಮಣಿಗಳನ್ನು ತಾನೇ ಹೇಳಿದೆನೆಂದನು. ನಾನು ತಲೆಯಾಡಿಸಿ, ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ.